ಹಲ್ಲಿಗೆ ಕಟ್ಟಿದ ತಂತಿ

ಹಬೀಬಾ ಪತ್ತಿರನ್ನು ಹರಿದು ಬಟ್ಟಲಿಗೆ ಹಾಕುತ್ತಿದ್ದರು. ಅಕ್ಕಿಹಿಟ್ಟಿನ ತೆಳು ರೊಟ್ಟಿ. ಅದನ್ನು ಉಗುರಿನಗಲದ ಚೂರು ಮಾಡಿ, ಮೇಲಿನಿಂದ ಕೋಳಿಸಾರಿನ ತಿಳಿಯನ್ನಷ್ಟೇ ಸೌಟಿನಲ್ಲಿ ಹೊಯ್ದು, ಹೀರಿಕೊಳ್ಳಲಿ ಎಂದು ಕಾದು, ಬೆರಳಿನಿಂದ ಒತ್ತಿ ನೋಡುವರು. ಗಟ್ಟಿ ಎನಿಸಿದ ಚೂರನ್ನು ಮತ್ತೆ ಹಿಸುಕುವರು. ಎದುರಿಗೆ ಗೋಡೆಗೆ ಒರಗಿ ಕೂತಿದ್ದ ಸೌದಾ ತಾಯಿಯ ಬೆರಳುಗಳನ್ನೇ ನೋಡುತ್ತಿದ್ದಳು. ಒಲೆಯ ಮೇಲೆ ನೀರು ಕುದಿಯುತ್ತಿತ್ತು.

ಅದು ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿಸುವ ದಿನ. ಬೆಳಿಗ್ಗೆ ತಾಯಿ ಮಗಳು ಅತ್ತಾವರಕ್ಕೆ ಹೋಗಿ, ಡಾಕ್ಟರ್ ಜೆರೋಮರ ಕುರ್ಚಿಯಲ್ಲಿ ಸೌದಾ ಬಾಯಿ ತೆರೆದು ಮಲಗಿ ಎದ್ದು ಬಂದಿದ್ದಳು. ಬಿಗಿ ಮಾಡಿಸಿದ ದಿನ ಅವಳ ಹಲ್ಲುಗಳು ಯಾರದೋ ಹಲ್ಲುಗಳಂತೆ ಆಗಿಬಿಡುತ್ತಿದ್ದವು. ಬಾಳೆಹಣ್ಣು ಕಚ್ಚಿದರೂ ಬುಡದಿಂದ ನೋವು ಎದ್ದು ಕಿವಿಯವರೆಗೆ ಹೋಗುತ್ತಿತ್ತು. ಮೀನಂತೂ ತಿಂಗಳುಗಳಿಂದ ಇಲ್ಲ. ಬೂತಾಯಿಯ ಒಂದು ಸಣ್ಣ ಮುಳ್ಳು ತಂತಿಗೆ ಸಿಕ್ಕಿಕೊಂಡು, ಅದನ್ನು ಸೂಜಿಯಿಂದ ಬಿಡಿಸುವಷ್ಟರಲ್ಲಿ ಒಸಡೆಲ್ಲ ರಕ್ತವಾದ ಮೇಲೆ ಉಮ್ಮ, ಅವಳ ತಾಯಿ, ತಟ್ಟೆಗೆ ಮೀನು ಬಡಿಸುವುದನ್ನೇ ಬಿಟ್ಟಿದ್ದರು.

ಕೋಳಿಯ ತುಂಡುಗಳೆಲ್ಲ ತಂಗಿ ಮುಮ್ತಾಝಳ ತಟ್ಟೆಗೆ ಬಿದ್ದವು. ಹೊಲಿಗೆ ಕ್ಲಾಸಿನಿಂದ ಆಗಷ್ಟೇ ಬಂದು ಕೈ ತೊಳೆದು ಕೂತ ಹುಡುಗಿ ಅವಳು.

"ನನಗೂ ಒಂದು ಕ್ಲಿಪ್ ಹಾಕಿಸಿ ಉಮ್ಮ," ಅಂದಳು. "ಹೀಗೆ ತುತ್ತು ಮಾಡಿ ಕೊಡುವವರು ಸಿಗ್ತಾರಲ್ಲ."

"ಬಾಯಿ ಮುಚ್ಚಿ ತಿನ್ನು."

"ಬಾಯಿ ಮುಚ್ಚಿದ್ರೆ ತಿನ್ನುವುದು ಎಲ್ಲಿಂದ?"

ಸೌದಾಗೆ ನಗು ಬಂತು. ನಗಲೆಂದು ತುಟಿ ಅರಳಿದ ಕೂಡಲೇ ತಂತಿಯ ತುದಿ ಕೆನ್ನೆಯ ಒಳಗೆ ಹಳೆಯ ಹುಣ್ಣಿಗೇ ತಾಗಿತು. ನಗುವನ್ನು ಅಲ್ಲಿಗೇ ನಿಲ್ಲಿಸಿ ಬಟ್ಟಲನ್ನು ಎತ್ತಿಕೊಂಡಳು.

ಇಪ್ಪತ್ತೆರಡು ತುಂಬಿದ, ಮದುವೆಯಾದ ಹೆಂಗಸು ಹಲ್ಲಿಗೆ ತಂತಿ ಕಟ್ಟಿಕೊಂಡು ತಾಯಿ ಹಿಸುಕಿದ್ದನ್ನು ತಿನ್ನುತ್ತಿದ್ದಾಳೆ ಎಂದರೆ ಕುದ್ರೋಳಿಯ ಆ ಓಣಿಯಲ್ಲಿ ಯಾರಿಗೂ ಮೊದಮೊದಲು ನಂಬಿಕೆ ಬರಲಿಲ್ಲ. ಕ್ಲಿಪ್ಪು ಶಾಲೆಗೆ ಹೋಗುವ ಮಕ್ಕಳಿಗೆ, ಅದೂ ಡಾಕ್ಟರು ವಕೀಲರ ಮನೆಯ ಮಕ್ಕಳಿಗೆ ಎಂದೇ ಎಲ್ಲರೂ ತಿಳಿದಿದ್ದರು. ಪಕ್ಕದ ಮನೆಯವರು ಅವಳನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿ, ಬಾಯಿ ತೆರೆಸಿ, ಒಳಗೆ ಇಣುಕಿ ನೋಡಿ ಹೋಗಿದ್ದರು.

ಹಾಗೆ ನೋಡಿದರೆ ಸೌದಾಳ ಹಲ್ಲಿನಲ್ಲಿ ಹೇಳುವಂಥ ಕೆಡುಕು ಇರಲಿಲ್ಲ. ಮೇಲಿನ ಸಾಲು ಸ್ವಲ್ಪ ಮುಂದೆ, ಅಷ್ಟೇ. ಏಳನೇ ಕ್ಲಾಸಿಗೆ ಶಾಲೆ ಬಿಡಿಸುವ ಹೊತ್ತಿಗೇ, ನಗುವಾಗ ತಟ್ಟಿಯನ್ನು, ಅಂದರೆ ತಲೆಯ ಮೇಲಿನ ಬಟ್ಟೆಯನ್ನು ಬಾಯಿಗೆ ಅಡ್ಡ ಹಿಡಿಯುವುದು ಅವಳಿಗೆ ರೂಢಿಯಾಗಿತ್ತು. ಮಾತು ಕಡಿಮೆ. ನಾಲ್ಕು ಜನ ಕೂತಲ್ಲಿ ಬಾಗಿಲ ಸಂದಿಗೆ ಸರಿದು ನಿಂತು, ಯಾರು ಯಾರ ಮುಖ ನೋಡಿದರು, ಯಾರು ಯಾವ ಮಾತಿಗೆ ತಡವಾಗಿ ನಕ್ಕರು ಎಂದು ಗಮನಿಸುತ್ತ ಇದ್ದುಬಿಡುವ ಸ್ವಭಾವ.

ಮದುವೆಯಾದ ಮೇಲೂ ಆ ಮನೆ ಬಿಟ್ಟು ಹೋಗಲಿಲ್ಲ. ಅವರ ಸಮುದಾಯದಲ್ಲಿ ಹಿಂದಿನಿಂದ ಬಂದದ್ದೇ ಹಾಗೆ: ಹುಡುಗಿ ತಾಯಿಯ ಮನೆಯಲ್ಲೇ ಇರುತ್ತಾಳೆ, ಗಂಡ ಅಲ್ಲಿಗೆ ಬರುತ್ತಾನೆ. ಅಳಿಯ ಎಷ್ಟು ಹಳಬನಾದರೂ ಆ ಮನೆಗೆ ಅವನು ಪುಯ್ಯಾಪ್ಲೆ, ಮದುಮಗನೇ. ಅವನಿಗೆಂದು ಮನೆಯ ಒಳ್ಳೆಯ ಕೋಣೆಯನ್ನು ಬಿಟ್ಟುಕೊಡುತ್ತಾರೆ. ಸೌದಾಳ ಅಣ್ಣ ಕಾಸಿಮನೂ ಹಗಲೆಲ್ಲ ಬಂದರಿನ ತನ್ನ ಒಣಮೀನಿನ ಅಂಗಡಿಯಲ್ಲಿದ್ದು, ಸಂಜೆ ತಾಯಿಯ ಮನೆಯಲ್ಲಿ ಚಾ ಕುಡಿದು, ಕತ್ತಲಾದ ಮೇಲೆ ಹೆಂಡತಿಯ ಮನೆಗೆ ಹೋಗುತ್ತಿದ್ದ. ಉಪ್ಪ, ಅಂದರೆ ತಂದೆ, ತೀರಿಹೋಗಿ ವರ್ಷಗಳಾದ್ದರಿಂದ ಈ ಮನೆಯ ಮಾತು ಅವನದು. ರಾತ್ರಿಗೆ ಉಳಿಯುವವರು ಮೂವರು ಹೆಂಗಸರು.

ಸೌದಾಳ ಪುಯ್ಯಾಪ್ಲೆ ಯೂಸುಫ್ ತೊಕ್ಕೊಟ್ಟಿನವನು. ದಮ್ಮಾಮಿನಲ್ಲಿ ಒಂದು ಅರಬಿ ಮನೆಯ ಡ್ರೈವರು. ಮದುವೆಗೆಂದು ಬಂದು ಮೂರು ತಿಂಗಳು ಇದ್ದು ಹೋದ. ಆ ಮೂರು ತಿಂಗಳಲ್ಲಿ ಸೌದಾ ನಕ್ಕಷ್ಟು ಅದಕ್ಕೆ ಮೊದಲು ನಕ್ಕಿರಲಿಲ್ಲ. ಅವನ ಬಾಯಲ್ಲಿ ಒಂದು ನೆಟ್ಟಗಿನ ಮಾತು ಬರುತ್ತಿರಲಿಲ್ಲ. ಬೆಳಿಗ್ಗೆ ಅವಳು ಚಾ ತಂದರೆ, "ಮೊದಲು ಹಲ್ಲು ಬಂತು, ಹಿಂದಿನಿಂದ ಹೆಂಡತಿ ಬಂದಳು, ಕಡೆಗೆ ಚಾ ಬಂತು," ಎನ್ನುವನು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರೆ ಆ ಕೈಯನ್ನು ಹಿಡಿದು ಕೆಳಗೆ ಇಳಿಸುವನು. "ಕೈ ತೆಗಿ ಮಾರಾಯ್ತಿ. ಈ ಕೋಣೆಯಲ್ಲಿ ಇರುವುದು ನಾವಿಬ್ಬರೇ. ಯಾರಿಗೆ ಅಡಗಿಸ್ತಿ?" ಕಡೆಕಡೆಗೆ ಆ ಕೋಣೆಯೊಳಗೆ ಅವಳ ಕೈ ಬಾಯಿಗೆ ಹೋಗುವುದನ್ನೇ ಮರೆತಿತ್ತು.

ಅವನು ಹೋದ ಮೇಲೆ ಕ್ಯಾಸೆಟ್ ಬರತೊಡಗಿತು. ಯೂಸುಫನಿಗೆ ಓದು ಬರಹ ಬಾರದು. ಕಾಗದ ಹಾಕಿದರೆ ರೂಮಿನ ಇನ್ನೊಬ್ಬ ಓದಿ ಹೇಳಬೇಕು. ಹಾಗಾಗಿ ಅವನು ಟೇಪಿನಲ್ಲಿ ಮಾತಾಡಿ, ಊರಿಗೆ ಬರುವವರ ಕೈಯಲ್ಲಿ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದ. ಅದು ಮೊದಲು ತೊಕ್ಕೊಟ್ಟಿಗೆ, ಅವನ ತಾಯಿಯ ಮನೆಗೆ ಹೋಗುತ್ತಿತ್ತು. ಅಲ್ಲಿ ಎಲ್ಲರೂ ಕೇಳಿದ ಮೇಲೆ ಆ ಅತ್ತೆಯೇ ಅದನ್ನು ಚೀಲದಲ್ಲಿ ಹಾಕಿಕೊಂಡು, ಸೇತುವೆ ದಾಟಿ ಬಸ್ಸಿನಲ್ಲಿ ಕುದ್ರೋಳಿಗೆ ಬರುತ್ತಿದ್ದರು. ಯೂಸುಫನೇ ತಂದು ಕೊಟ್ಟಿದ್ದ, ರೇಡಿಯೋ ಟೇಪು ಎರಡೂ ಇರುವ ಟೂ ಇನ್ ವನ್ ಚಾವಡಿಯ ಮೇಜಿನ ಮೇಲಿತ್ತು. ಅತ್ತೆ, ಉಮ್ಮ, ಕಾಸಿಂ, ಮುಮ್ತಾಝ್ ಸುತ್ತ ಕೂರುವರು. ಸೌದಾ ಬಾಗಿಲ ಬಳಿ ನಿಲ್ಲುವಳು. ಹೆಂಡತಿಗೆಂದು ಗಂಡ ಹೇಳಿದ ಮಾತನ್ನು ಹೆಂಡತಿ ಎಲ್ಲರಿಗಿಂತ ಕೊನೆಗೆ ಕೇಳುವಳು.

ಅಂಥದೇ ಒಂದು ಕ್ಯಾಸೆಟ್ಟಿನಲ್ಲಿ ಆ ಮಾತು ಬಂತು.

"ನಮ್ಮ ಮೇಡಮ್ಮಿಗೆ ನಾಲ್ಕು ಮಕ್ಕಳು, ಗೊತ್ತುಂಟಾ? ದೊಡ್ಡವನಿಗೆ ಮೀಸೆ ಬಂದಿದೆ. ಈ ಪ್ರಾಯದಲ್ಲಿ ಅವಳು ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದಾಳೆ! ಕಾರಿನಲ್ಲಿ ಡಾಕ್ಟ್ರ ಹತ್ರ ಕರ್ಕೊಂಡು ಹೋಗುವುದು ನಾನೇ. ಬಾಯಿ ತೆರೆದ್ರೆ ನಮ್ಮ ಬಂದರಿನ ಗೋಡೌನಿನ ಕಬ್ಬಿಣದ ಬಾಗಿಲು. ಸೌದಾಗೂ ಒಂದು ಹಾಕಿಸಿಬಿಡಿ. ಹಲ್ಲೂ ಒಳಗೆ ಹೋಗ್ತದೆ, ಮನೆಗೆ ಸಿಲೋನ್ ರೇಡಿಯೋ ಸ್ಟೇಷನ್ನೂ ಹಿಡೀತದೆ!"

ಅವನ ಹಿಂದೆ ರೂಮಿನವರು ಹೋ ಎಂದು ನಕ್ಕದ್ದೂ ಟೇಪಿನಲ್ಲಿ ಬಂದಿತ್ತು. ಬಾಗಿಲ ಬಳಿ ಸೌದಾಗೂ ನಗು ಬಂತು. ಆದರೆ ಚಾವಡಿಯಲ್ಲಿ ಯಾರೂ ನಗಲಿಲ್ಲ. ಅತ್ತೆ ಕೈ ಚಾಚಿ ಬಟನ್ ಒತ್ತಿ ನಿಲ್ಲಿಸಿದರು.

"ಕೇಳಿದಿರಲ್ಲ ಹಬೀಬಾ?"

"ಕೇಳಿದೆ," ಅಂದರು ಉಮ್ಮ. ಅವರ ಮುಖ ಸಣ್ಣದಾಗಿತ್ತು.

"ನನ್ನ ಮಗ ಮುಖಕ್ಕೆ ಹೊಡೆದ ಹಾಗೆ ಹೇಳುವವನಲ್ಲ. ನಗ್ತಾ ಹೇಳ್ತಾನೆ. ಚಿಕ್ಕಂದಿನಿಂದ ಹಾಗೇ. ಮನಸ್ಸಿನಲ್ಲಿ ಇಲ್ಲದ್ದು ಬಾಯಿಗೆ ಬರ್ತದಾ?"

ಅತ್ತೆ ಹೋದ ಮೇಲೆ ಸೌದಾ ಉಮ್ಮನ ಹಿಂದೆ ಅಡುಗೆಮನೆಗೆ ಹೋದಳು. "ಅವರು ತಮಾಷೆಗೆ ಹೇಳಿದ್ದು ಉಮ್ಮ."

"ನಿನಗೆ ಹೇಗೆ ಗೊತ್ತು?"

ಹೇಗೆ ಗೊತ್ತು ಎಂದರೆ ಕೋಣೆಯ ಮಾತು ಹೇಳಬೇಕು. ಹಲ್ಲು ಮೊದಲು ಬಂತು ಎಂದು ದಿನಾ ಬೆಳಿಗ್ಗೆ ನಗುತ್ತಿದ್ದದ್ದು, ಕೈ ಹಿಡಿದು ಇಳಿಸಿದ್ದು, ಇಳಿಸಿದ ಮೇಲೆ ಆ ಕೈಯನ್ನು ಅವನು ಬಿಡದೆ ಹಿಡಿದುಕೊಂಡಿದ್ದು. ತಾಯಿಯ ಮುಂದೆ ನಿಂತು ಇದನ್ನೆಲ್ಲ ಬಾಯಿಗೆ ತರುವುದು ಸೌದಾಳಿಂದ ಆಗುವ ಕೆಲಸವಾಗಿರಲಿಲ್ಲ. ಅವಳು ಕಿವಿಯವರೆಗೆ ಕೆಂಪಾಗಿ, "ಹಾಗೆ ಅನ್ನಿಸಿತು," ಎಂದಳು.

"ಅನ್ನಿಸಿತು," ಅಂದರು ಉಮ್ಮ. "ಅಲ್ಲಿ ಅವನ ಕಣ್ಣಿನ ಮುಂದೆ ಎಂಥೆಂಥ ಹೆಂಗಸರೋ. ಒಂದು ಸಲ ಬೇಡ ಅನ್ನಿಸಿದ್ರೆ ಮತ್ತೆ ಈ ಮನೆಯ ಮೆಟ್ಟಿಲು ಹತ್ತುತ್ತಾನಾ? ನಿನ್ನ ಹಿಂದೆ ಇನ್ನೊಬ್ಬಳು ಇದ್ದಾಳೆ ಮಗಳೇ. ಅದನ್ನೂ ಅಷ್ಟು ನೋಡು."

ಡಾಕ್ಟರನ್ನು ಹುಡುಕಿದವನು ಕಾಸಿಂ. ಬೊಂಬಾಯಿಯಲ್ಲಿ ಹಲ್ಲು ಕಟ್ಟುವ ವಿದ್ಯೆ ಕಲಿತು ಬಂದವರು ಎಂದು ಯಾರೋ ಜೆರೋಮರ ಹೆಸರು ಹೇಳಿದ್ದರು. ನಿಧಾನದ, ಮೆತ್ತಗಿನ ಮಾತಿನ ಮನುಷ್ಯ. ಸೌದಾಳ ಬಾಯಿಯನ್ನು ಕನ್ನಡಿ ಹಿಡಿದು ನೋಡಿ, ಹಲ್ಲನ್ನು ಹಿಂದಕ್ಕೆ ಎಳೆಯಬೇಕಾದರೆ ಜಾಗ ಬೇಕು, ಮೇಲೆ ಎರಡು ಕೆಳಗೆ ಎರಡು ತೆಗೆಯಬೇಕಾಗುತ್ತದೆ ಎಂದರು.

"ಹುಳುಕು ಹಲ್ಲಾ ಡಾಕ್ಟ್ರೇ?" ಎಂದು ಉಮ್ಮ ಕೇಳಿದರು.

"ಇಲ್ಲಮ್ಮ. ಒಳ್ಳೆ ಹಲ್ಲೇ. ಮತ್ತೆ ಎರಡು ವರ್ಷ ತಂತಿ ಇರ್ತದೆ. ಇವರಿಗೆ ಇಷ್ಟ ಉಂಟಲ್ಲ?"

ಇವರಿಗೆ ಎನ್ನುವಾಗ ಡಾಕ್ಟರು ನೋಡಿದ್ದು ಕಾಸಿಮನ ಮುಖವನ್ನು.

"ಉಂಟು, ಉಂಟು," ಅಂದ ಕಾಸಿಂ.

ನಾಲ್ಕು ಒಳ್ಳೆಯ ಹಲ್ಲುಗಳು ಹೋದವು. ಉಳಿದ ಒಂದೊಂದು ಹಲ್ಲಿಗೂ ಉಕ್ಕಿನ ಪಟ್ಟಿ ತೊಡಿಸಿ, ಗಾರೆಯಂಥದ್ದನ್ನು ಹಚ್ಚಿ ಕೂರಿಸಿ, ಪಟ್ಟಿಯಿಂದ ಪಟ್ಟಿಗೆ ತಂತಿ ಎಳೆದರು. ಮನೆಗೆ ಬಂದು ಕನ್ನಡಿ ನೋಡಿದಾಗ ಅವಳಿಗೆ ಕಂಡದ್ದು ತನ್ನ ಮುಖವೇ, ಬಾಯಿ ಮಾತ್ರ ಬೇರೆಯವರದು. ತುಟಿ ಮುಚ್ಚುತ್ತಿರಲಿಲ್ಲ. ಮುಚ್ಚಲೆಂದು ಎಳೆದರೆ ಅತ್ತ ಮುಖದ ಹಾಗೆ ಕಾಣುತ್ತಿತ್ತು.

ಅದೇ ವಾರ ಯೂಸುಫನಿಗೆ ಉತ್ತರದ ಕ್ಯಾಸೆಟ್ ತುಂಬಿಸಿದರು. ಜುಮ್ಮಾ ನಮಾಜು ಮುಗಿಸಿ ಬಂದ ಕಾಸಿಂ ಎರಡು ಬಟನ್ನುಗಳನ್ನು ಒಟ್ಟಿಗೆ ಒತ್ತಿ ಹಿಡಿದು ಕಣ್ಣಿನಲ್ಲೇ ಸನ್ನೆ ಮಾಡುತ್ತಿದ್ದ. ಒಬ್ಬೊಬ್ಬರೇ ಟೇಪಿನ ಹತ್ತಿರ ಮುಖ ತಂದು ಮಾತಾಡಬೇಕು. ಉಮ್ಮ ಅಳಿಯನ ಆರೋಗ್ಯ ವಿಚಾರಿಸಿ, "ನೀವು ಹೇಳಿದ ಹಾಗೆ ಸೌದಾಗೆ ಕ್ಲಿಪ್ ಹಾಕಿಸಿದ್ದೇವೆ. ಎರಡು ವರ್ಷ ಇರಬೇಕಂತೆ. ನಿಮ್ಮ ಆಸೆ ಅಲ್ಲಾಹು ನಡೆಸಿಕೊಡಲಿ," ಎಂದರು. ಸೌದಾಳ ಸರದಿ ಬಂತು. ನೀವು ತಮಾಷೆ ಮಾಡಿದ್ದಲ್ವಾ ಎಂಬ ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ಎದುರಿಗೆ ಇಚ್ಚನ, ಅಂದರೆ ಅಣ್ಣ ಕಾಸಿಮನ, ಹೆಬ್ಬೆರಳು ಬಟನ್ನಿನ ಮೇಲಿತ್ತು.

"ನಾನು ಸೌದಾ," ಅಂದಳು. 'ಸ' ಅಕ್ಷರ ತಂತಿಗೆ ಸಿಕ್ಕಿ ಉಸ್ಸೆಂದಿತು. "ಇಲ್ಲಿ ಎಲ್ಲರೂ ಕ್ಷೇಮ. ಹೊತ್ತಿಗೆ ಸರಿಯಾಗಿ ಊಟ ಮಾಡಿ."

ಮುಮ್ತಾಝ್ ಕಿಸಕ್ಕನೆ ನಕ್ಕಳು. ಅದೂ ದಮ್ಮಾಮಿಗೆ ಹೋಯಿತು.

ಆ ಬಳಿಕ ತಿಂಗಳುಗಟ್ಟಲೆ ಅಲ್ಲಿಂದ ಏನೂ ಬರಲಿಲ್ಲ. ಸೌದಾ ದಿನಾ ಕೋಣೆಯ ಹಾಸಿಗೆಯ ಧೂಳು ಕೊಡವಿ, ಯಾರೂ ತಲೆಯಿಡದ ದಿಂಬನ್ನು ತಟ್ಟಿ ಸರಿಮಾಡಿ ಇಡುವಳು. ರಮ್ಜಾನಿಗೆ ಅವನಿಗೆ ರಜೆ ಸಿಗುತ್ತದೆ ಎಂಬ ಮಾತು ಹೋಗುವಾಗಲೇ ಆಗಿತ್ತು. ಅವನು ಬಂದು ಈ ಬಾಗಿಲು ಹಾಕಿಕೊಂಡ ಕೂಡಲೇ ಎಲ್ಲ ಸರಿಯಾಗುತ್ತದೆ, ಇದು ಯಾರ ಬುದ್ಧಿ ಎಂದು ಅವನೇ ನಕ್ಕು ಕೇಳುತ್ತಾನೆ, ಆಗ ಹೇಳಿಬಿಡಬಹುದು ಎಂದು ಅವಳು ದಿನಗಳನ್ನು ದೂಡುತ್ತಿದ್ದಳು. ತಂತಿಯ ನೋವು, ಹಿಸುಕಿದ ಊಟ, ಪಕ್ಕದ ಮನೆಯವರ ಇಣುಕು, ಎಲ್ಲಕ್ಕೂ ರಮ್ಜಾನಿನವರೆಗೆ ಎಂಬ ಒಂದು ಕೊನೆ ಇತ್ತು.

ಪತ್ತಿರನ್ನು ಹಿಸುಕಿ ತಿಂದ ಆ ದಿನದಿಂದ ಒಂದು ವಾರದ ಒಳಗೆ ಅತ್ತೆ ಕ್ಯಾಸೆಟ್ ತಂದರು. ಚಾವಡಿಯಲ್ಲಿ ಎಲ್ಲರೂ ಕೂತರು. ಯೂಸುಫ್ ಸಲಾಂ ಹೇಳಿದ, ಸೆಕೆಯ ಮಾತು ಹೇಳಿದ, ಮೇಡಮ್ಮಿನ ಹೊಸ ಕಾರಿನ ಮಾತು ಹೇಳಿದ. ಆಮೇಲೆ ಅವನ ಸ್ವರ ಸ್ವಲ್ಪ ತಗ್ಗಿತು.

"ಸೌದಾಗೆ ಕ್ಲಿಪ್ ಹಾಕಿಸಿದ್ದು ಕೇಳಿ ನನಗೆ... ಅಲ್ಲ ಉಮ್ಮ, ನಾನು ಅದು..."

ಟಿಕ್ಕೆಂದು ಒಂದು ಸದ್ದು. ಮತ್ತೆ ಅವನದೇ ಸ್ವರ. ಆದರೆ ಈಗ ಗಟ್ಟಿ, ಕಂಠಪಾಠ ಒಪ್ಪಿಸುವವನ ಹಾಗೆ.

"ಹಾಕಿಸಿದ್ದು ಒಳ್ಳೆಯದೇ ಆಯಿತು. ಎರಡು ವರ್ಷ ಅಂತ ಹೇಳಿದ್ದಾರಂತಲ್ಲ ಡಾಕ್ಟ್ರು? ಹಾಗಾದ್ರೆ ಈ ರಮ್ಜಾನಿಗೆ ನಾನು ಬರುವುದಿಲ್ಲ. ಅದು ಮುಗಿದ ಮೇಲೆ ಒಟ್ಟಿಗೆ ರಜೆ ತೆಗೊಂಡು ಬರ್ತೇನೆ."

"ನೋಡಿ," ಅಂದರು ಅತ್ತೆ ಹೆಮ್ಮೆಯಿಂದ. "ಕೆಲಸ ಪೂರಾ ಆಗ್ಲಿ ಅಂತ ಎಷ್ಟು ತಾಳ್ಮೆ ನನ್ನ ಮಗನಿಗೆ."

"ನಡುವೆ ಆ ಟಿಕ್ ಎಂತದ್ದು?" ಎಂದು ಕೇಳಿದ್ದು ಸೌದಾ. ಅವಳು ಬಾಯಿ ತೆರೆದಳೆಂದೇ ಎಲ್ಲರೂ ತಿರುಗಿ ನೋಡಿದರು.

"ಬ್ಯಾಟರಿ ಇಳಿದಿರ್ಬೇಕು," ಅಂದ ಕಾಸಿಂ.

ಸಂಜೆ ಅವಳು ಟೂ ಇನ್ ವನ್ನನ್ನು ಕೋಣೆಗೆ ಒಯ್ದು, ಸದ್ದು ತಗ್ಗಿಸಿ, ಆ ಜಾಗವನ್ನು ಮತ್ತೆ ಮತ್ತೆ ಕೇಳಿದಳು. ಮುಮ್ತಾಝ್ ಬಾಗಿಲಲ್ಲಿ ನಿಂತು, "ಓಹೋ, ಗಂಡನ ಸ್ವರ ಸವೆದು ಹೋದೀತು," ಎಂದು ಕೆಣಕಿ ಹೋದಳು. ಬ್ಯಾಟರಿ ಇಳಿದರೆ ಸ್ವರ ಎಳೆಯುತ್ತದೆ, ಹೀಗೆ ಕತ್ತರಿಸಿ ಬೀಳುವುದಿಲ್ಲ. ಅವನು ಬಟನ್ ಒತ್ತಿ ನಿಲ್ಲಿಸಿದ್ದಾನೆ. ನಾನು ಅದು ತಮಾಷೆಗೆ ಹೇಳಿದ್ದು ಎಂದು ಹೇಳಲು ಹೊರಟು, ಈ ಕ್ಯಾಸೆಟ್ ಮೊದಲು ತೊಕ್ಕೊಟ್ಟಿನಲ್ಲಿ ತನ್ನ ಉಮ್ಮ ಕೇಳುತ್ತಾರೆ, ಆಮೇಲೆ ಕುದ್ರೋಳಿಯ ಚಾವಡಿಯಲ್ಲಿ ಕಾಸಿಂ ಕೇಳುತ್ತಾನೆ ಎಂದು ನೆನಪಾಗಿ ನಿಲ್ಲಿಸಿದ್ದಾನೆ. ಒಂದು ತಮಾಷೆಯನ್ನು ನಂಬಿ ಎರಡು ಮನೆಯವರು ಸೇರಿ ಒಬ್ಬಳ ನಾಲ್ಕು ಹಲ್ಲು ಕೀಳಿಸಿದ್ದಾರೆ. ಅದನ್ನು ಅವರಿಗೇ ಹೇಗೆ ಹೇಳುವುದು? ಹೇಳುವುದಕ್ಕಿಂತ ಅಲ್ಲೇ ಇರುವುದು ಅವನಿಗೆ ಸುಲಭ ಕಂಡಿತು. ಸೌದಾಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನೂ ಅವಳಷ್ಟೇ ಸಿಕ್ಕಿಕೊಂಡಿದ್ದ. ಆದರೆ ಅವನು ಸಿಕ್ಕಿಕೊಂಡದ್ದು ಸಮುದ್ರದ ಆಚೆ, ಅವಳು ಸಿಕ್ಕಿಕೊಂಡದ್ದು ಸ್ವಂತ ಬಾಯಿಯ ಒಳಗೆ.

ಅಂದು ಅವಳಿಗೆ ಒಂದು ವಿಷಯ ಸ್ಪಷ್ಟವಾಯಿತು. ತಂತಿ ಇರುವವರೆಗೆ ಅವನು ಬರುವುದಿಲ್ಲ. ತಂತಿ ಹೋದರೆ, ಬಾರದಿರಲು ಅವನಲ್ಲಿ ಕಾರಣ ಉಳಿಯುವುದಿಲ್ಲ.

ಎರಡು ದಿನ ಕಳೆದು ಉಮ್ಮ ಓಣಿಯ ಕೊನೆಯ ಮನೆಗೆ ಬಾಣಂತಿಯನ್ನು ನೋಡಲು ಹೋದರು. ಮುಮ್ತಾಝ್ ಕ್ಲಾಸಿಗೆ ಹೋಗಿದ್ದಳು. ಸೌದಾ ಬುರ್ಖಾ ಹಾಕಿಕೊಂಡು ಬಾಗಿಲಿಗೆ ಚಿಲಕ ಎಳೆದು, ಬಸ್ಸಿನಲ್ಲಿ ಹಂಪನಕಟ್ಟೆಗೆ ಬಂದು, ಅಲ್ಲಿಂದ ನಡೆದು ಅತ್ತಾವರ ಸೇರಿದಳು. ಒಬ್ಬಳೇ ಅಷ್ಟು ದೂರ ಹೋದದ್ದು ಹುಟ್ಟಿದ ಮೇಲೆ ಮೊದಲ ಸಲ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದಾಗ ಕೈಯಲ್ಲೇ ಮುಂದೆ ಎಂದು ತೋರಿಸಿದ್ದಳು.

ಡಾಕ್ಟರು ಆಶ್ಚರ್ಯದಿಂದ, "ನಿಮ್ಮ ದಿನ ಇವತ್ತಲ್ಲವಲ್ಲ? ಅಮ್ಮ ಎಲ್ಲಿ?" ಎಂದರು.

"ಇದನ್ನು ತೆಗೀಬೇಕು," ಅಂದಳು.

"ಯಾವುದನ್ನು?"

"ಎಲ್ಲ."

ಅವರು ಕುರ್ಚಿಗೆ ಕೂರಿಸಿ, ಕನ್ನಡಿ ಕೈಗೆ ಕೊಟ್ಟು ತೋರಿಸಿದರು. ಹಲ್ಲು ಕಿತ್ತ ಜಾಗ ಅರ್ಧ ಮುಚ್ಚಿದೆ, ಅರ್ಧ ಹಾಗೇ ಇದೆ. ಈಗ ಬಿಟ್ಟರೆ ಆ ಸಂದು ಹಾಗೇ ಉಳಿಯುತ್ತದೆ. ಹಲ್ಲುಗಳು ಕಟ್ಟು ಬಿಚ್ಚಿದ ದನಗಳ ಹಾಗೆ ಎಲ್ಲೆಲ್ಲಿಗೋ ಹೋಗುತ್ತವೆ. ಮೊದಲಿಗಿಂತ ಚಂದ ಇರುವುದಿಲ್ಲ.

"ಚಂದ ಬೇಡ," ಅಂದಳು ಸೌದಾ.

ಡಾಕ್ಟರು ಅವಳ ಕೈಯಿಂದ ಕನ್ನಡಿ ತೆಗೆದುಕೊಂಡು ಕೆಳಗಿಟ್ಟರು. "ತೆಗೆಯುವುದು ದೊಡ್ಡ ಕೆಲಸ ಅಲ್ಲಮ್ಮ. ಕುಳಿತಲ್ಲಿ ಆಗಿ ಹೋಗ್ತದೆ. ಆದ್ರೆ ನಾಳೆ ನಿಮ್ಮ ಅಣ್ಣ ಬಂದು, ಯಾರನ್ನು ಕೇಳಿ ತೆಗೆದಿರಿ ಅಂದ್ರೆ ನಾನು ಎಂತ ಹೇಳ್ಲಿ?"

"ನನ್ನನ್ನು ಕೇಳಿ ಅಂತ ಹೇಳಿ. ಬಾಯಿ ನಂದಲ್ವಾ?"

"ಬಾಯಿ ನಿಮ್ಮದೇ. ಹಾಕ್ಲಿಕ್ಕೆ ಹೇಳಿದ್ದು ನೀವಲ್ಲವಲ್ಲ." ಅವರು ಗದರಿಸಲಿಲ್ಲ, ಜ್ವರ ಬಂದ ಮಗುವಿಗೆ ಹೇಳುವ ಹಾಗೆ ಹೇಳಿದರು. "ಹೇಳಿದವರಲ್ಲಿ ಯಾರಾದ್ರೂ ಒಬ್ಬರು ಬರಲಿ. ಅಮ್ಮ ಆದ್ರೂ ಸಾಕು. ಆಗ ನಾನೇ ತೆಗೆದು ಕೊಡ್ತೇನೆ."

ಅಷ್ಟು ಹೇಳಿ ಅವರು ಆಚೆ ಕೋಣೆಗೆ ಹೋದರು. ನರ್ಸ್ ರತ್ನಾವತಿ ಒಂದು ಗ್ಲಾಸು ನೀರು ತಂದುಕೊಟ್ಟು, ಪಕ್ಕದಲ್ಲೇ ನಿಂತಳು. ಗೋಡೆಯ ಆಚೆಯಿಂದ ಫೋನಿನ ಡಯಲ್ ತಿರುಗುವ ಸದ್ದು ಬಂತು. ಆಮೇಲೆ ಡಾಕ್ಟರ ಸ್ವರ: "ಕಾಸಿಂ ಸಾಹೇಬರಾ? ಗಾಬರಿ ಎಂತ ಇಲ್ಲ. ನಿಮ್ಮ ತಂಗಿ ಒಬ್ಬರೇ ಬಂದಿದ್ದಾರೆ, ಅದಕ್ಕೆ..."

ಸೌದಾ ಎದ್ದಳು.

"ಕೂತ್ಕೊಳ್ಳಿ," ಅಂದಳು ರತ್ನಾವತಿ ಅವಳ ಭುಜದ ಮೇಲೆ ಕೈಯಿಟ್ಟು. "ಅಣ್ಣ ಬರ್ತಾರಂತೆ. ಈ ಬಿಸಿಲಿಗೆ ಒಬ್ಬರೇ ಹೇಗೆ ಹೋಗ್ತೀರಿ?"

ಆ ಕೈ ಭಾರವಾಗಿರಲಿಲ್ಲ. ಆದರೂ ಸೌದಾ ಕೂತಳು.

ಕಾಸಿಂ ರಿಕ್ಷಾದಲ್ಲಿ ಬಂದ. ಅಂಗಿಯಿಂದ ಒಣಮೀನಿನ ವಾಸನೆ ಹೊಡೆಯುತ್ತಿತ್ತು. ಕೈ ತೊಳೆಯಲೂ ನಿಲ್ಲದೆ ಹೊರಟಿರಬೇಕು. ಡಾಕ್ಟರಿಗೆ ಉಪಕಾರ ಎಂದ. ರಿಕ್ಷಾದಲ್ಲಿ ತಾನು ಒಂದು ಬದಿಗೆ, ಅವಳು ಒಂದು ಬದಿಗೆ. ಮಣ್ಣಗುಡ್ಡ ದಾಟುವಾಗ ಒಂದು ಸಲ ತಿರುಗಿ, ಬುರ್ಖಾದ ಮುಖದ ಬಟ್ಟೆ ಸರಿಯಾಗಿ ಇದೆಯೇ ಎಂದು ನೋಡಿದ, ಅಷ್ಟೇ.

ಉಮ್ಮ ಮೆಟ್ಟಿಲಲ್ಲೇ ನಿಂತಿದ್ದರು. ಒಳಗೆ ಬಂದು ಬಾಗಿಲು ಹಾಕಿದ ಮೇಲೆ ಕಾಸಿಮನ ಬಾಯಿ ತೆರೆಯಿತು.

"ಕೇಳಿ ಉಮ್ಮ, ನಿಮ್ಮ ಮಗಳು ದೊಡ್ಡವಳಾಗಿದ್ದಾಳೆ. ಒಬ್ಬಳೇ ಬಸ್ಸಿನಲ್ಲಿ ಅತ್ತಾವರಕ್ಕೆ. ನಾಳೆ ಏರೋಪ್ಲೇನ್ ಹತ್ತಿ ದಮ್ಮಾಮಿಗೂ ಹೋಗಿಯಾಳು!"

"ಹೋಗ್ಲಿಕ್ಕೆ ಬಿಟ್ಟರೆ ಹೋದಾಳು," ಅಂದಳು ಮುಮ್ತಾಝ್ ಮೂಲೆಯಿಂದ.

"ನೀನು ಸುಮ್ನೆ ಕೂರ್ತೀಯಾ? ಆದಿತ್ಯವಾರ ನಿನ್ನನ್ನು ನೋಡ್ಲಿಕ್ಕೆ ಬರುವವರಿಗೆ ಈ ಸುದ್ದಿ ಮುಟ್ಟಿದ್ರೆ ಗೊತ್ತಾಗ್ತದೆ. ಅಕ್ಕ ಗಂಡ ಹಾಕಿಸಿದ್ದನ್ನು ಕಿತ್ತು ಬಿಸಾಡ್ಲಿಕ್ಕೆ ಹೋದವಳು ಅಂತ."

ಮುಮ್ತಾಝಳ ಮುಖದ ನಗು ಆರಿತು. ಅವಳು ತಲೆ ತಗ್ಗಿಸಿ ಹೊಲಿಗೆಯ ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು.

"ಅವರು ಹಾಕಿಸಿದ್ದಲ್ಲ," ಅಂದಳು ಸೌದಾ.

"ಮತ್ತೆ ಯಾರು? ಟೇಪಿನಲ್ಲಿ ಹೇಳಿದ್ದು ಯಾರ ಸ್ವರ?"

"ಅವರು ತಮಾಷೆ ಮಾಡಿದ್ದು ಇಚ್ಚ."

"ಮತ್ತೆ ಶುರುವಾಯ್ತು," ಅಂದರು ಉಮ್ಮ. ಅವರ ಕಣ್ಣು ತುಂಬಿತ್ತು. "ತಮಾಷೆ ಅಂತ ನಿನಗೆ ಹೇಗೆ ಗೊತ್ತು? ಅವತ್ತೂ ಕೇಳಿದೆ, ಹೇಳ್ಲಿಲ್ಲ. ಇವತ್ತಾದ್ರೂ ಹೇಳು."

ಸೌದಾಳ ನಾಲಗೆ ತಂತಿಯನ್ನು ಒಮ್ಮೆ ಬಲದಿಂದ ಎಡಕ್ಕೆ ಸವರಿತು. ಅವಳು ನೆಲ ನೋಡುತ್ತ ಹೇಳಿದಳು.

"ನಾನು ನಗುವಾಗ ಬಾಯಿಗೆ ಕೈ ಹಿಡೀತಿದ್ದೆ. ಅವರು ಕೋಣೆಯಲ್ಲಿ ಆ ಕೈಯನ್ನು ತೆಗೀತಿದ್ರು. ದಿನಾ. ನನ್ನ ಹಲ್ಲು ನೋಡ್ಬೇಕು ಅಂತ. ನಿನ್ನ ನಗು ನಂಗೆ..."

"ಛೀ!" ಎಂದರು ಉಮ್ಮ. "ಇಚ್ಚನ ಎದುರಿನಲ್ಲಾ!"

ಕಾಸಿಂ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ್ದ. ಅವನ ಕಿವಿ ಕೆಂಪಾಗಿತ್ತು. ತಂಗಿಯ ಮೇಲೆ ಇಷ್ಟು ಹೊತ್ತು ಇದ್ದ ಸಿಟ್ಟು ಹೋಗಿ, ಕೇಳಬಾರದ್ದನ್ನು ಕೇಳಿದವನ ಅವಸರ ಅವನಲ್ಲಿ ಕಂಡಿತು. "ನನಗೆ ಹೊತ್ತಾಯ್ತು," ಅಂದ. ಕತ್ತಲಾಗಲು ಇನ್ನೂ ತುಂಬ ಹೊತ್ತಿತ್ತು.

ಸೌದಾ ತಲೆ ಎತ್ತಿ ಒಬ್ಬೊಬ್ಬರನ್ನೇ ನೋಡಿದಳು. ಅಷ್ಟು ತಿಂಗಳು ಗಂಟಲಲ್ಲಿ ಹಿಡಿದಿಟ್ಟ ಮಾತು ಕಡೆಗೂ ಹೊರಗೆ ಬಂದಿತ್ತು. ನೆಲದ ಮೇಲೆ ಏನೋ ಹೊಲಸು ಚೆಲ್ಲಿದ ಹಾಗೆ ಮೂವರೂ ಅದರಿಂದ ಕಣ್ಣು ತಪ್ಪಿಸಿಕೊಂಡಿದ್ದರು. ಇನ್ನು ತೋರಿಸಲು ಅವಳ ಹತ್ತಿರ ಬೇರೇನೂ ಇರಲಿಲ್ಲ. ನಾಚಿಕೆಯೂ ಉಳಿದಿರಲಿಲ್ಲ.

"ಕೂತಲ್ಲಿ ತೆಗೆದು ಕೊಡ್ತಾರಂತೆ," ಅಂದಳು. ಪ್ರತಿ 'ಸ'ವೂ 'ತ'ವೂ ತಂತಿಗೆ ತಾಗಿ ಬಂದರೂ ಈ ಸಲ ಅವಳು ನಿಧಾನಿಸಲಿಲ್ಲ. "ಸಂದು ಉಳಿದ್ರೆ ಉಳೀಲಿ. ಮನೆಯವರು ಒಬ್ಬರು ಬಂದು ಹೇಳಿದ್ರೆ ಸಾಕಂತೆ."

ಉಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಒಣಗಿದ ಬಟ್ಟೆಗಳನ್ನು ಎದುರಿಗೆ ಎಳೆದುಕೊಂಡು ಮಡಚತೊಡಗಿದರು. ಕಾಸಿಂ ಬಾಗಿಲ ಬಳಿ ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದ. ಮುಮ್ತಾಝ್ ಸೂಜಿಗೆ ನೂಲು ಪೋಣಿಸಲು ಹೋಗಿ, ತಪ್ಪಿ, ಮತ್ತೆ ನೂಲಿನ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡಳು.

"ನಾಳೆ ಬೆಳಿಗ್ಗೆ," ಅಂದಳು ಸೌದಾ, "ಯಾರಾದ್ರೂ ಒಬ್ಬರು ನನ್ನ ಜೊತೆ ಬನ್ನಿ."